ಸುಂಡಿಲಿಗೆ ನಾಲ್ಕು ಮನೆ, ಸಗಣಿ ಹುಳಕ್ಕೆ ಒಂದೇ

ಉಮ್ಮತ್ತೂರು ಅಂದರೆ ಚರಿತ್ರೆ ಓದಿದವರಿಗೆ ನೆನಪಾಗುವುದು ಪಾಳೆಯಗಾರರು. ವಿಜಯನಗರಕ್ಕೇ ತೊಡೆ ತಟ್ಟಿ ನಿಂತ ಗಂಗರಾಜನನ್ನು ಬಗ್ಗಿಸಲು, ಪಟ್ಟಕ್ಕೆ ಬಂದ ಹೊಸದರಲ್ಲೇ ಕೃಷ್ಣದೇವರಾಯ ಶಿವನಸಮುದ್ರದವರೆಗೆ ದಂಡು ತರಬೇಕಾಯಿತು. 1510ರ ಆಚೀಚೆಯ ಮಾತು ಅದು. ಈಗಿನವರಿಗೆ ಉಮ್ಮತ್ತೂರು ಅಂದರೆ ಗುಡ್ಡದ ಸುತ್ತ ಓಡಾಡುವ ಕೃಷ್ಣಮೃಗ. ಎರಡರ ಬಗ್ಗೆಯೂ ಬರೆದವರಿದ್ದಾರೆ. ನಾವು ಇವತ್ತು ಬರೆಯುತ್ತಿರುವುದು ರಾತ್ರಿ ಹೊತ್ತು ಅಡುಗೆಮನೆ ಗೋಡೆಯ ಬುಡ ಹಿಡಿದು ಚಿಕ್ ಚಿಕ್ ಅನ್ನುತ್ತಾ ಓಡುವ ಸುಂಡಿಲಿಯ ಬಗ್ಗೆ, ಜೊತೆಗೆ ಹೊಲದಲ್ಲಿ ಬಿದ್ದ ಸಗಣಿಯ ಕೆಳಗಿನಿಂದ ಮಣ್ಣು ಎತ್ತಿ ಹಾಕುವ ಕಪ್ಪು ಹುಳದ ಬಗ್ಗೆ.

ಎರಡನ್ನೂ ಒಟ್ಟಿಗೆ ಯಾಕೆ ತಂದಿರಿ ಎಂದು ನೀವು ಕೇಳಬಹುದು. ಒಂದಕ್ಕೆ ಬೆನ್ನುಮೂಳೆ ಇದೆ, ಇನ್ನೊಂದಕ್ಕೆ ಇಲ್ಲ. ಒಂದು ಮರಿಗೆ ಹಾಲೂಡುತ್ತದೆ, ಇನ್ನೊಂದು ಮೊಟ್ಟೆ ಇಟ್ಟು ಅದರ ಪಕ್ಕ ಸಗಣಿ ಬುತ್ತಿ ಕಟ್ಟಿಡುತ್ತದೆ. ನೆಂಟಸ್ತನ ಅಂತ ಹುಡುಕಿದರೆ, ಸುಂಡಿಲಿ ಈ ಹುಳದಂಥವನ್ನು ಹಿಡಿದು ತಿನ್ನುತ್ತದೆ, ಅಷ್ಟೇ. ಆದರೆ ಪಂಡಿತರ ಪುಸ್ತಕದಲ್ಲಿ ಮತ್ತು ಸರ್ಕಾರದ ಪಟ್ಟಿಯಲ್ಲಿ ಈ ಎರಡಕ್ಕೂ ಆಗಿರುವುದನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಪಟ್ಟಿಗಳು ಹೇಗೆ ಹುಟ್ಟುತ್ತವೆ, ಯಾರನ್ನು ಒಳಗೆ ಬಿಡುತ್ತವೆ ಎಂಬುದು ಕಾಣುತ್ತದೆ.

ಮೊದಲು ಸುಂಡಿಲಿ. ಮೂಗಿಲಿ, ಸೊಂಡಿಲಿ ಅಂತಲೂ ಕರೆಯುತ್ತಾರೆ. ಹೆಸರಲ್ಲಿ ಇಲಿ ಇದೆ, ಆದರೆ ಅದು ಇಲಿಯ ಕುಲಕ್ಕೆ ಸೇರಿದ್ದಲ್ಲ. ಇಲಿಯ ಮುಂಬಲ್ಲು ಉಳಿಯ ಹಾಗೆ, ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಇಲಿ ಕಂಡದ್ದನ್ನೆಲ್ಲಾ ಕಡಿಯುತ್ತದೆ. ಸುಂಡಿಲಿಯ ಬಾಯಲ್ಲಿ ಹುಳ ಚುಚ್ಚಿ ಹಿಡಿಯಲು ಸಣ್ಣ ಸಣ್ಣ ಚೂಪು ಹಲ್ಲುಗಳ ಸಾಲಿದೆ. ಜಿರಲೆ, ಮಿಡತೆ, ಎರೆಹುಳ ಅದರ ಊಟ. ಅದು ರಾಗಿ ಮೂಟೆಗೆ ತೂತು ಕೊರೆಯುವುದಿಲ್ಲ. ಮೈಯ ಎರಡು ಪಕ್ಕದಲ್ಲಿರುವ ಗ್ರಂಥಿಯಿಂದ ನಾತ ಬರುವುದರಿಂದ ಬೆಕ್ಕು ಕೂಡ ಹಿಡಿದು ಬಿಸಾಕುತ್ತದೆಯೇ ಹೊರತು ಸಾಮಾನ್ಯವಾಗಿ ತಿನ್ನುವುದಿಲ್ಲ. ತಾಯಿಯ ಬಾಲದ ಬುಡವನ್ನು ಒಂದು ಮರಿ ಕಚ್ಚಿ, ಅದರದ್ದನ್ನು ಇನ್ನೊಂದು ಕಚ್ಚಿ, ರೈಲು ಡಬ್ಬಿಯ ಹಾಗೆ ಸಾಲಾಗಿ ಹೋಗುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ನಮ್ಮ ಕಡೆ ಮುದುಕಿಯರು ಇದನ್ನು ಹೊಡೆಯಲು ಬಿಡುವುದಿಲ್ಲ. "ಹೊಡೀಬ್ಯಾಡ ಕನ, ಅದು ಸುಂಡಿಲಿ" ಅನ್ನುತ್ತಾರೆ. ವಿಜ್ಞಾನಿಗಳು ಹಲ್ಲು ನೋಡಿ ಕಂಡುಕೊಂಡ ವ್ಯತ್ಯಾಸವನ್ನು ಇವರು ನಾತ ಮತ್ತು ನಡತೆ ನೋಡಿ ಕಂಡುಕೊಂಡಿದ್ದರು.

ಈ ಹೆಸರು ಇಂಗ್ಲಿಷ್ ಪುಸ್ತಕಕ್ಕೆ ಹೋದ ಕಥೆ ಕಿತ್ತೂರಿಗೆ ಹತ್ತಿರದ್ದು. 1824ರ ಅಕ್ಟೋಬರ್‌ನಲ್ಲಿ ರಾಣಿ ಚೆನ್ನಮ್ಮನ ಪಡೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಹೊಡೆದುರುಳಿಸಿದಾಗ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ ಇಪ್ಪತ್ತೊಂದರ ಪ್ರಾಯ. ಜೀವ ಉಳಿಸಿಕೊಂಡು ಹೊರಬಂದ ಈತ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಜೊತೆಗೆ ಪ್ರಾಣಿಗಳ ಹುಚ್ಚು ಬೇರೆ. 1839ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಆತ ಧಾರವಾಡ ಸೀಮೆಯ ಹಾಲೂಡುವ ಪ್ರಾಣಿಗಳ ಪಟ್ಟಿ ಪ್ರಕಟಿಸಿದ. ಕನ್ನಡದವರು ಏನನ್ನುತ್ತಾರೆ, ಒಡ್ಡರು ಏನನ್ನುತ್ತಾರೆ ಎಂದು ಕೇಳಿ ಬರೆದುಕೊಂಡಿದ್ದ.

ಹೊಲದ ಇಲಿಯನ್ನು ನಮ್ಮವರು 'ಗುಲಂದಿ' ಅನ್ನುತ್ತಿದ್ದರು. ಎಲಿಯಟ್ ಕಳಿಸಿದ ಇಲಿ ಲಂಡನ್ ಮುಟ್ಟಿದ ಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ 1837ರಲ್ಲಿ ಅದಕ್ಕೆ ಇಟ್ಟ ಶಾಸ್ತ್ರದ ಹೆಸರು ಗೋಲುಂಡಾ ಎಲಿಯೋಟಿ. ಅರ್ಧ ಕನ್ನಡ, ಅರ್ಧ ಎಲಿಯಟ್. ಒಡ್ಡರು 'ಮೆಟ್ಟಡೆ' ಅನ್ನುತ್ತಿದ್ದ ಮೆತ್ತನೆ ತುಪ್ಪಳದ ಇಲಿ ಲ್ಯಾಟಿನ್ನಿನಲ್ಲಿ ಮೆಲ್ಟಾಡ ಆಗಿ ಇವತ್ತಿಗೂ ಉಳಿದಿದೆ. ನೆಲ ಅಗೆದು ಇಲಿ ಹಿಡಿದು ತಿನ್ನುತ್ತಿದ್ದ ಬಡವರ ಬಾಯಿಮಾತು ಜಗತ್ತಿನ ವಿಜ್ಞಾನಿಗಳೆಲ್ಲ ಬಳಸುವ ಹೆಸರಾಗಿದೆ ಅನ್ನುವುದನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ. ಸುಂಡಿಲಿಗೆ ಆ ಅದೃಷ್ಟ ಬರಲಿಲ್ಲ, ಅದಕ್ಕೆ ಆಗಲೇ ಬೇರೆ ಹೆಸರು ಇಟ್ಟಾಗಿತ್ತು. ಆದರೂ 19ನೇ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ಅದರ ಹೆಸರಿನ ಪಕ್ಕ 'ಸೊಂಡೇಲಿ, ಕೆನರೀಸ್' ಎಂದು ಅಚ್ಚಾಗಿದೆ.

ಆ ಬೇರೆ ಹೆಸರು ಇಟ್ಟವನು ಸ್ವೀಡನ್ನಿನ ಲಿನೇಯಸ್. ಜಗತ್ತಿನ ಜೀವಗಳನ್ನೆಲ್ಲ ಊರು, ಬೀದಿ, ಮನೆ ನಂಬರ್ ಕೊಟ್ಟ ಹಾಗೆ ವರ್ಗ, ಗಣ, ಕುಲ, ಪ್ರಭೇದ ಎಂದು ವಿಂಗಡಿಸಲು ಹೊರಟವನು. ಪ್ರಾಣಿಗಳ ಮಟ್ಟಿಗೆ ಅವನ 1758ರ ಪುಸ್ತಕವೇ ಇವತ್ತಿಗೂ ಮೂಲ ಖಾತೆ. ಅದರಲ್ಲಿ ಅವನು ಸುಂಡಿಲಿಯ ಕುಲವನ್ನು ಹಾಕಿದ ಗಣದ ಹೆಸರು ಬೆಸ್ಟಿಯೆ, ಅಂದರೆ ಮೃಗಗಳು. ಅದೇ ಗಣದಲ್ಲಿ ಹಂದಿ ಇತ್ತು, ಮುಳ್ಳುಹಂದಿಯಂತೆ ಕಾಣುವ ಪುಟ್ಟ ಹೆಡ್ಜ್‌ಹಾಗ್ ಇತ್ತು, ಅಮೆರಿಕದ ಚಿಪ್ಪಿನ ಆರ್ಮಡಿಲೊ ಇತ್ತು. ಉದ್ದ ಮೂತಿ ಇದ್ದವರನ್ನೆಲ್ಲ ಒಂದೇ ಹಟ್ಟಿಯಲ್ಲಿ ಕೂಡಿಸಿದಂತೆ. ಎಂಟು ವರ್ಷಕ್ಕೆ ಮನಸ್ಸು ಬದಲಾಯಿತು. 1766ರ ಆವೃತ್ತಿಯಲ್ಲಿ ಹಂದಿಯನ್ನು ಕುದುರೆಯ ಕಡೆಗೆ ಕಳಿಸಿ, ಸುಂಡಿಲಿಯನ್ನು ಹುಲಿ, ನಾಯಿ, ಕರಡಿಗಳ ಗಣಕ್ಕೆ ಸೇರಿಸಿದ. ನಮ್ಮ ಮನೆಯ ಸುಂಡಿಲಿಗೆ ಶಾಸ್ತ್ರದ ಹೆಸರು ಸಿಕ್ಕಿದ್ದೂ ಅದೇ ಆವೃತ್ತಿಯಲ್ಲಿ, ಜಾವಾ ದ್ವೀಪದಿಂದ ಹೋಗಿದ್ದ ಮಾದರಿಯ ಮೇಲೆ. ಬಂಡೀಪುರದ ಹುಲಿಯೂ ನಮ್ಮ ಅಟ್ಟದ ಸುಂಡಿಲಿಯೂ ಕಾಗದದ ಮೇಲೆ ಒಂದೇ ಗಣದವರಾಗಿದ್ದ ಕಾಲ ಅದು.

ಮೂರನೇ ಮನೆ 19ನೇ ಶತಮಾನದ್ದು: ಕೀಟಾಹಾರಿಗಳು ಎಂಬ ಗಣ. ಹುಳ ತಿನ್ನುವ, ಮೂತಿ ಉದ್ದವಾದ, ಎಲ್ಲಿ ಸೇರಿಸಬೇಕೋ ತಿಳಿಯದ ಸಣ್ಣ ಪ್ರಾಣಿಗಳನ್ನೆಲ್ಲ ಅಲ್ಲಿ ತುಂಬಿದರು. ಮನೆಯಲ್ಲಿ ಬೇಡದ ಸಾಮಾನು ಹಾಕುವ ಮೂಲೆ ಇರುತ್ತದಲ್ಲ, ಹಾಗೆ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠಪುಸ್ತಕಗಳಲ್ಲಿ ಇದೇ ನಡೆಯಿತು. ವಂಶವಾಹಿ ಪರೀಕ್ಷೆ ಬಂದ ಮೇಲೆ ಈ ಮೂಲೆಯ ಸಾಮಾನು ಹೊರಬಿತ್ತು. ಹಾಗೇ ಕಾಣುವ ಆಫ್ರಿಕಾದ ಕೆಲವು ಪ್ರಾಣಿಗಳು ಸುಂಡಿಲಿಗಿಂತ ಆನೆಗೇ ಹತ್ತಿರ ಎಂದು ಗೊತ್ತಾಯಿತು. 1999ರಲ್ಲಿ ಉಳಿದವರಿಗೆ ಯೂಲಿಪೋಟಿಫ್ಲಾ ಎಂಬ ಹೊಸ ಹೆಸರು ಕೊಟ್ಟರು. ಇದು ಸುಂಡಿಲಿಯ ನಾಲ್ಕನೇ ಮನೆ.

ಮನೆ ಬದಲಾದರೆ ಏನಾಯಿತು, ಪ್ರಾಣಿ ಅದೇ ತಾನೆ? ಅಷ್ಟು ಸಲೀಸಲ್ಲ. ಮರಮೂಗಿಲಿಯನ್ನು ನೋಡಿ. ದಕ್ಷಿಣ ಭಾರತದ ಒಣ ಗುಡ್ಡಗಳಲ್ಲಿ ಇರುವ, ಅಳಿಲಿನಂತೆ ಕಾಣುವ, ಮೂತಿ ಮಾತ್ರ ಸುಂಡಿಲಿಯದ್ದಾದ ಪ್ರಾಣಿ. ಅದರ ಶಾಸ್ತ್ರದ ಹೆಸರಿನಲ್ಲೂ ನಮ್ಮ ಕಿತ್ತೂರಿನ ಸೆರೆಯಾಳು ಎಲಿಯಟ್ ಇದ್ದಾನೆ. ಇದನ್ನು ಒಂದು ಕಾಲಕ್ಕೆ ಕೀಟಾಹಾರಿ ಅಂದರು. 1945ರ ಹೊತ್ತಿಗೆ ಅಮೆರಿಕದ ಸಿಂಪ್ಸನ್ ಎಂಬ ದೊಡ್ಡ ವಿದ್ವಾಂಸ ಈ ಕುಟುಂಬವನ್ನು ಕೋತಿ, ಮನುಷ್ಯರ ಗಣಕ್ಕೆ ಸೇರಿಸಿದ. ಕಾಡುಜೀವಿಗಳ ವಿದೇಶಿ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಮುಂದೆ ಕೋತಿಗಳ ಗಣಕ್ಕೆ ಇಡಿಯಾಗಿ ಸಿಕ್ಕ ರಕ್ಷಣೆ ಮರಮೂಗಿಲಿಗಳಿಗೂ ದಕ್ಕಿತು. ಆಮೇಲೆ ನೆಂಟಸ್ತನ ಕಡಿದು ಬೇರೆಯೇ ಗಣ ಮಾಡಿದರೂ ಪಟ್ಟಿಯಿಂದ ಅವುಗಳ ಹೆಸರು ಹೋಗಲಿಲ್ಲ. ಪಡಿತರ ಚೀಟಿ ಒಮ್ಮೆ ಆಯಿತು ಅಂದರೆ ಆಯಿತು.

ಈಗ ಸಗಣಿ ಹುಳದ ಸರದಿ. ಇದು ಜೀರುಂಡೆಗಳ ಗಣದ್ದು. ಈ ಗಣಕ್ಕೆ ಕೊಲಿಯಾಪ್ಟೆರಾ ಎನ್ನುತ್ತಾರೆ. ಕತ್ತಿಗೆ ಒರೆ ಇರುವಂತೆ ರೆಕ್ಕೆಗೆ ಒರೆ ಇರುವವು ಎಂದು ಅರ್ಥ. ಮುಂದಿನ ಜೋಡಿ ರೆಕ್ಕೆ ಗಟ್ಟಿಯಾಗಿ ಚಿಪ್ಪಾಗಿದೆ, ಹಾರುವ ರೆಕ್ಕೆ ಅದರಡಿ ಮಡಿಚಿಕೊಂಡಿರುತ್ತದೆ. ಈ ಲಕ್ಷಣ ಗುರುತಿಸಿ ಹೆಸರು ಕೊಟ್ಟವನು ಗ್ರೀಸಿನ ಅರಿಸ್ಟಾಟಲ್, ಸುಮಾರು 2,300 ವರ್ಷದ ಹಿಂದೆ. ಲಿನೇಯಸ್ ಅದನ್ನೇ ಇಟ್ಟುಕೊಂಡ. ಇವತ್ತಿನ ವಂಶವಾಹಿ ಪರೀಕ್ಷೆಯೂ ಅದನ್ನು ಮುರಿಯಲಿಲ್ಲ. ಸುಂಡಿಲಿ ಇನ್ನೂರೈವತ್ತು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದರೆ ಜೀರುಂಡೆ ಹುಟ್ಟಿದ ಮನೆಯಲ್ಲೇ ಇದೆ.

ಆ ಮನೆ ಮಾತ್ರ ಭಾರಿ ದೊಡ್ಡದು. ಹೆಸರಿಟ್ಟಿರುವ ಜೀರುಂಡೆಗಳೇ ಸುಮಾರು 4 ಲಕ್ಷ ಪ್ರಭೇದ. ಹಾಲೂಡುವ ಪ್ರಾಣಿಗಳೆಲ್ಲ ಸೇರಿದರೂ 6 ಸಾವಿರದ ಆಸುಪಾಸು. ನಮ್ಮ ತೆಂಗಿನ ಸುಳಿ ಕೊರೆದು ಎಲೆಯನ್ನು ಬೀಸಣಿಗೆಯಂತೆ ಕತ್ತರಿಸುವ ಕುರುವಾಯಿ ಹುಳ ಮತ್ತು ಸಗಣಿ ಹುಳ ಒಂದೇ ಕುಟುಂಬದ ದಾಯಾದಿಗಳು. ಕುರುವಾಯಿಯ ಮರಿ ಬೆಳೆಯುವುದು ಹಳೇ ತಿಪ್ಪೆಯಲ್ಲಿ. ಸಗಣಿ ಹುಳಕ್ಕೆ ಬೇಕಾದದ್ದು ಹಸಿ ಸಗಣಿ. ತಿಪ್ಪೆಯಲ್ಲಿ ದಪ್ಪ ಬಿಳಿ ಮರಿ ಕಂಡರೆ ಕೊಲ್ಲಿ, ಬೇಡ ಅನ್ನುವುದಿಲ್ಲ. ಹೊಲದಲ್ಲಿ ಹಸಿ ಸಗಣಿಯ ಕೆಳಗೆ ತೂತು ಕೊರೆಯುತ್ತಿರುವ ಹುಳ ಕಂಡರೆ ಅದರ ಪಾಡಿಗೆ ಬಿಡಿ.

ಬ್ರಿಟಿಷರು ಭಾರತದ ಪ್ರಾಣಿಗಳ ಬಗ್ಗೆ ದೊಡ್ಡ ಪುಸ್ತಕಮಾಲೆ ಶುರು ಮಾಡಿದಾಗ 1888ರಲ್ಲಿ ಮೊದಲು ಬಂದದ್ದು ಹಾಲೂಡುವ ಪ್ರಾಣಿಗಳ ಸಂಪುಟ. ಬೇಟೆಗಾರರಿಗೆ ಬೇಕಾದ ಪ್ರಾಣಿಗಳೆಲ್ಲ ಅದರಲ್ಲಿದ್ದವು, ಸುಂಡಿಲಿ ಅವುಗಳ ಬೆನ್ನಿಗೆ ಒಳಹೊಕ್ಕಿತು. ಸಗಣಿ ಹುಳಗಳಿಗೇ ಮೀಸಲಾದ ಸಂಪುಟ ಆರೋ ಎಂಬಾತನಿಂದ ಬರುವಾಗ 1931 ಆಗಿತ್ತು. ನಲವತ್ತಮೂರು ವರ್ಷದ ಅಂತರ. ಮೈಸೂರು ಸೀಮೆಯ ಬದುಕೆಲ್ಲ ದನದ ಮೇಲೆ ನಿಂತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು, ಅದರ ಕಾವಲುಗಳಲ್ಲಿ ಸಾವಿರಾರು ರಾಸು ಮೇಯುತ್ತಿದ್ದವು. ಎತ್ತಿಗೆ ಲೆಕ್ಕ ಇತ್ತು, ಹಸುವಿಗೆ ಲೆಕ್ಕ ಇತ್ತು, ಬೆಣ್ಣೆಗೂ ಇತ್ತು. ಅಷ್ಟೂ ಸಗಣಿಯನ್ನು ಕೂಲಿ ಇಲ್ಲದೆ ನೆಲಕ್ಕೆ ಸೇರಿಸಿದವನ ಹೆಸರು ಯಾವ ಕಡತದಲ್ಲಿ ಸಿಗಬೇಕು?

ಸ್ವತಂತ್ರ ಭಾರತದ ಪಟ್ಟಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಶೆಡ್ಯೂಲಿನಲ್ಲಿ ಪೀಡಕ ಪ್ರಾಣಿಗಳಿದ್ದವು, ಯಾರು ಬೇಕಾದರೂ ಕೊಲ್ಲಬಹುದಾದವು. ಕಾಗೆ, ಹಣ್ಣು ತಿನ್ನುವ ಬಾವಲಿ, ಚಿಟ್ಟಿಲಿ, ಇಲಿ. ಸುಂಡಿಲಿಯ ಹೆಸರು ಅಲ್ಲಿರಲಿಲ್ಲ. ಆದರೆ ಕೋಲು ಹಿಡಿದವನು ಹಲ್ಲು ಎಣಿಸಿ ಹೊಡೆಯುತ್ತಾನೆಯೇ? ಪ್ಲೇಗ್ 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟು ಸೀಮೆಯೆಲ್ಲ ಹರಡಿದ ಮೇಲೆ, ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವ ಭಯ ನಮ್ಮ ಅಜ್ಜಂದಿರ ತಲೆಮಾರಿಗಿತ್ತು. ಆ ಭಯದ ಏಟು ಸುಂಡಿಲಿಗೂ ಬಿದ್ದಿದೆ. 2022ರ ತಿದ್ದುಪಡಿಯಲ್ಲಿ ಪೀಡಕರ ಶೆಡ್ಯೂಲನ್ನೇ ತೆಗೆದುಹಾಕಿದರು. ಆರು ಶೆಡ್ಯೂಲ್ ಇದ್ದದ್ದು ನಾಲ್ಕಾಯಿತು. ಈಗ ಪೀಡಕ ಎನ್ನಬೇಕಾದರೆ ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸಬೇಕು.

ಜೀರುಂಡೆಗಳ ವಿಷಯದಲ್ಲಿ ಹಳೇ ಕಾಯ್ದೆ ವಿಚಿತ್ರವಾಗಿತ್ತು. ಎರಡನೇ ಶೆಡ್ಯೂಲಿನ ಎರಡನೇ ಭಾಗದಲ್ಲಿ ಜೀರುಂಡೆಗಳ ಒಂದು ಉದ್ದನೆ ಸಾಲೇ ಇತ್ತು. ನೆಲದ ಮೇಲೆ ಓಡಾಡುವ ಬಗೆಯವು, ಎಲೆ ತಿನ್ನುವ ಬಗೆಯವು, ಎಲ್ಲಾ ಲ್ಯಾಟಿನ್ ಹೆಸರಲ್ಲಿ. ಪಕ್ಕದ ನೀಲಗಿರಿಯ ಹೆಸರು ಹೊತ್ತ ನಿಸೋಟ್ರಾ ನೀಲಗಿರಿಯೆನ್ಸಿಸ್ ಎಂಬ ಎಲೆಹುಳವೂ ಅದರಲ್ಲಿತ್ತು. ಕಾಡಿನ ಗಾರ್ಡ್ ಆ ಹುಳವನ್ನು ಹೇಗೆ ಗುರುತಿಸಬೇಕು, ಯಾರಿಂದ ಕಾಪಾಡಬೇಕು ಎಂಬುದು ನಮಗೆ ಅರ್ಥವಾಗದ ಸಂಗತಿ. ಸಗಣಿ ಹುಳದ ಕುಟುಂಬ ಆ ಸಾಲಿನಲ್ಲಿರಲಿಲ್ಲ. ದೇಶದ ತುಂಬ ಕೆಲಸ ಮಾಡುವ ಹುಳವನ್ನು ಬಿಟ್ಟು ಮ್ಯೂಸಿಯಮ್ಮಿನ ಡಬ್ಬಿಯಲ್ಲಿ ಅಪರೂಪವಾದದ್ದನ್ನು ಆರಿಸಿದ ಹಾಗಿದೆ ಈ ಪಟ್ಟಿ. ನಮ್ಮ ಅಭಿಪ್ರಾಯ ಇದು, ಒಪ್ಪದವರು ಇರಬಹುದು.

ಇನ್ನೊಂದು ಪಟ್ಟಿ ಜಗತ್ತಿನದ್ದು. ಐಯುಸಿಎನ್ ಎಂಬ ಸಂಸ್ಥೆ 1964ರಿಂದ ನಡೆಸುತ್ತಿರುವ ಕೆಂಪು ಪಟ್ಟಿ. ಯಾವ ಜೀವ ಎಷ್ಟು ಅಪಾಯದಲ್ಲಿದೆ ಎಂದು ದರ್ಜೆ ಕೊಡುವುದು ಅದರ ಕೆಲಸ, ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ನಮ್ಮ ದೇಶದ ಕಾನೂನಿಗೂ ಅದಕ್ಕೂ ತಾಳೆಯಾಗಲೇಬೇಕೆಂದಿಲ್ಲ. ಉಮ್ಮತ್ತೂರಿನ ಕೃಷ್ಣಮೃಗವೇ ಉದಾಹರಣೆ. ನಮ್ಮ ಕಾಯ್ದೆಯಲ್ಲಿ ಅದು ಹುಲಿ, ಆನೆಗಳ ಜೊತೆ ಮೊದಲ ಶೆಡ್ಯೂಲಿನಲ್ಲಿದೆ. ಕೆಂಪು ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿರುವುದು 'ಸದ್ಯಕ್ಕೆ ಆತಂಕವಿಲ್ಲ' ಎಂಬ ದರ್ಜೆ. ಮನೆಯ ಸುಂಡಿಲಿಗೂ ಅದೇ ದರ್ಜೆ. ಎಲ್ಲ ಸುಂಡಿಲಿಗಳ ಪಾಡೂ ಹೀಗಿಲ್ಲ. ಪಶ್ಚಿಮ ಘಟ್ಟದ ಕಾಡುಗಳಿಗೆ ಮಾತ್ರ ಸೀಮಿತವಾದ ಡೇ ಸುಂಡಿಲಿ ಎಂಬ ಸಣ್ಣದೊಂದು ಅಪಾಯದಲ್ಲಿರುವ ಪ್ರಾಣಿಗಳ ಸಾಲಿನಲ್ಲಿದೆ. ಕಾಡು ಕಡಿದರೆ ಹೋಗಲು ಅದಕ್ಕೆ ಬೇರೆ ಜಾಗವಿಲ್ಲ.

ಮನೆಯ ಸುಂಡಿಲಿಗೆ ಜಾಗದ ಕೊರತೆ ಎಂದೂ ಆಗಿಲ್ಲ. ಹಡಗಿನ ಸರಕಿನ ಜೊತೆ ಸೇರಿಕೊಂಡು ದೇಶ ಸುತ್ತಿದೆ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ 1953ರಲ್ಲಿ ಹೋಗಿ ಇಳಿದು, ಅಲ್ಲಿನ ಸಣ್ಣ ಹಲ್ಲಿ, ಅರಣೆಗಳಿಗೆ ಕಂಟಕವಾಯಿತು. ಅದೇ ದ್ವೀಪಕ್ಕೆ 2007ರಲ್ಲಿ ನಮ್ಮ ಕುರುವಾಯಿ ಹುಳವೂ ಹೋಗಿ ತೆಂಗಿನ ಮರಗಳ ಮೇಲೆ ಬಿದ್ದಿತು. ಇಲ್ಲಿ ಒಂದು ಮನೆಯ ಜಿರಲೆ ತಿನ್ನುವ ಉಪಕಾರಿ, ಇನ್ನೊಂದು ತೋಟದ ಹಳೇ ಕಳ್ಳ. ಅಲ್ಲಿ ಎರಡೂ ಹೊರಗಿನಿಂದ ನುಗ್ಗಿದ ದಂಡು.

ಹಾಲೂಡುವ ಪ್ರಾಣಿಗಳಲ್ಲಿ ಬಹುಪಾಲಿಗೆ ಕೆಂಪು ಪಟ್ಟಿಯವರು ದರ್ಜೆ ಕೊಟ್ಟಿದ್ದಾರೆ. ಜೀರುಂಡೆಗಳಲ್ಲಿ ದರ್ಜೆ ಸಿಕ್ಕಿರುವುದು ಬಹಳ ಸಣ್ಣ ಪಾಲಿಗೆ ಮಾತ್ರ. ಸುಂಡಿಲಿ ಯಾವ ಗಣ ಎಂದು ಇನ್ನೂರೈವತ್ತು ವರ್ಷ ಜಗಳವಾಡಿದ್ದಾರೆ, ಆದರೆ ಅದು ಕ್ಷೇಮವಾಗಿದೆ ಎಂದು ಗೊತ್ತು. ಜೀರುಂಡೆ ಯಾವ ಗಣ ಎಂದು ಯಾರಿಗೂ ಅನುಮಾನವಿಲ್ಲ, ಆದರೆ ಲಕ್ಷಗಟ್ಟಲೆ ಬಗೆಗಳು ಹೇಗಿವೆ ಎಂದು ನೋಡಿದವರಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲೇ, ಕೆಲವೇ ವರ್ಷದ ಹಿಂದೆ, ಅದುವರೆಗೆ ಯಾರೂ ದಾಖಲಿಸದ ಒಂದು ಕಣಜ ಸಿಕ್ಕಿತು. ಅದಕ್ಕೆ ಹೊಸ ಕುಲವನ್ನೇ ಮಾಡಿ ಸೋಲಿಗರ ಹೆಸರಿಟ್ಟರು. ಹೆಸರೇ ಇಲ್ಲದ ಹುಳಕ್ಕೆ ದರ್ಜೆ ಕೊಡುವ ಮಾತೆಲ್ಲಿ?

ಎಲ್ಲೆಲ್ಲೂ ಇದೆಯಲ್ಲ, ಅದಕ್ಕೇನಾಗುತ್ತದೆ ಎನ್ನುವ ಮಾತನ್ನು ನಾವು ಒಮ್ಮೆ ರಣಹದ್ದಿನ ಬಗ್ಗೆಯೂ ಆಡಿದ್ದೆವು. ಸತ್ತ ದನ ಊರಾಚೆ ಎಸೆದರೆ ಆಕಾಶ ಕಪ್ಪಾಗುವಷ್ಟು ಬರುತ್ತಿದ್ದ ಹಕ್ಕಿ, 1990ರ ದಶಕ ಮುಗಿಯುವ ಹೊತ್ತಿಗೆ ದೇಶದ ತುಂಬ ಕುಸಿದುಬಿತ್ತು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಕಾರಣ ಎಂದು ಪತ್ತೆಯಾಗಿ, 2006ರಲ್ಲಿ ಜಾನುವಾರುಗಳಿಗೆ ಅದರ ತಯಾರಿಕೆ ನಿಲ್ಲಿಸುವ ಹೊತ್ತಿಗೆ ಹೋಗುವುದು ಹೋಗಿತ್ತು.

ಸಗಣಿ ಹುಳದ ಮಟ್ಟಿಗೆ ಅಂಥದೇ ಒಂದು ಔಷಧಿ ಇದೆ, ಐವರ್ಮೆಕ್ಟಿನ್. ಉಣ್ಣೆಗೆ, ಜಂತುಹುಳಕ್ಕೆ ಕೊಡುವ ಒಳ್ಳೆಯ ಮದ್ದು. ಮನುಷ್ಯರಿಗೂ ಉಪಕಾರ ಮಾಡಿ, ಕಂಡುಹಿಡಿದವರಿಗೆ 2015ರ ನೊಬೆಲ್ ತಂದುಕೊಟ್ಟಿತು. ಆದರೆ ಚುಚ್ಚುಮದ್ದು ಕೊಟ್ಟ ರಾಸಿನ ಸಗಣಿಯಲ್ಲಿ ಅದರ ಅಂಶ ಕೆಲವು ವಾರ ಹೊರಬರುತ್ತದೆ. ಆ ಸಗಣಿಯಲ್ಲಿ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳ ಸಾಯುತ್ತದೆ. ಮದ್ದು ಕೊಡಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಎಲ್ಲ ರಾಸಿಗೂ ಒಟ್ಟಿಗೇ ಬೇಕೇ, ಬೇರೆ ಮದ್ದು ಇದೆಯೇ ಎಂದು ಪಶುವೈದ್ಯರನ್ನು ಕೇಳಿ. ಚುಚ್ಚುಮದ್ದಾದ ರಾಸಿನ ಸಗಣಿಯನ್ನು ಕೆಲವು ವಾರ ಹೊಲದಲ್ಲಿ ಬಿಡದೆ ಗುಂಡಿಗೆ ಹಾಕಿ.

ಆ ಹುಳ ಇಲ್ಲದಿದ್ದರೆ ಏನಾಗುತ್ತದೆ ಎಂದು ಆಸ್ಟ್ರೇಲಿಯಾದವರು ಅನುಭವಿಸಿದ್ದಾರೆ. ಅಲ್ಲಿನ ಹುಳಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತು, ಹೊರಗಿಂದ ಬಂದ ದನದ ಸಗಣಿ ಗೊತ್ತಿರಲಿಲ್ಲ. ಸಗಣಿ ಒಣಗಿ ತಟ್ಟೆಯಾಗಿ ಹುಲ್ಲುಗಾವಲು ಮುಚ್ಚಿತು, ನೊಣ ಮುತ್ತಿತು. ಕೊನೆಗೆ 1960ರ ದಶಕದ ಕೊನೆಯಿಂದ ಆಫ್ರಿಕಾ ಮುಂತಾದ ಕಡೆಯಿಂದ ಸರ್ಕಾರದ ಹಣದಲ್ಲಿ ಸಗಣಿ ಹುಳ ತರಿಸಿ, ಸಾಕಿ, ಬಿಟ್ಟರು. ಆಲೋಚನೆ ಕೊಟ್ಟ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯನ್ನು ಅಲ್ಲಿ ಈಗಲೂ ನೆನೆಯುತ್ತಾರೆ. ಉಮ್ಮತ್ತೂರಿನ ಹೊಲಕ್ಕೆ ಅದು ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ತಾನಾಗೇ ಹಾರಿ ಬರುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ ಒಂದು ದಾಖಲೆ ಪುಸ್ತಕ ಬರೆಯಬೇಕು. ಎಲಿಯಟ್ ಧಾರವಾಡದಲ್ಲಿ ಮಾಡಿದ ಕೆಲಸವನ್ನೇ ಈಗ ಊರಿನವರೇ ಮಾಡಿಕೊಳ್ಳುವ ಅವಕಾಶ. ಆ ಪುಸ್ತಕದಲ್ಲಿ ಸ್ಥಳೀಯ ಹೆಸರಿಗೆ ಒಂದು ಕಾಲಂ, ಶಾಸ್ತ್ರದ ಹೆಸರಿಗೆ ಇನ್ನೊಂದು. ನಿಮ್ಮ ಪಂಚಾಯಿತಿಯದ್ದನ್ನು ಒಮ್ಮೆ ಕೇಳಿ ತೆಗೆಸಿ ನೋಡಿ, ಸುಂಡಿಲಿ ಇದೆಯೇ, ಸಗಣಿ ಹುಳ ಇದೆಯೇ ಎಂದು. ಸಗಣಿ ಉರುಳಿಸಿಕೊಂಡು ಹೋಗುವುದು ಒಂದು ಬಗೆ, ಅಲ್ಲೇ ಕೆಳಗೆ ಬಿಲ ತೋಡುವುದು ಒಂದು ಬಗೆ, ಸಗಣಿಯೊಳ��ೇ ಸಂಸಾರ ಹೂಡುವುದು ಇನ್ನೊಂದು. ಇವುಗಳಿಗೆ ನಿಮ್ಮ ಕಡೆ ಬೇರೆ ಬೇರೆ ಹೆಸರು ಇದ್ದರೆ ನಮಗೆ ಬರೆದು ಕಳಿಸಿ, ಊರಿನ ಹೆಸರನ್ನೂ ಸೇರಿಸಿ.